ಶಾವಿಗೆ ಡಬ್ಬಿಯ ನೂರು ಷೇರು

ನಾನು ಒಂದು ಕಾಗದ. ಬರೀ ಕಾಗದ ಎಂದು ಯಾರಾದರೂ ಅಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನಾನು ಷೇರು ಪತ್ರ. ಬೆಣ್ಣಿಹಳ್ಳ ಪಂಪ್ಸ್ ಲಿಮಿಟೆಡ್ ಎಂಬ ಕಂಪನಿಯಲ್ಲಿ ನನ್ನ ಒಡೆಯರಿಗೆ ನೂರು ಪಾಲು ಉಂಟು ಎಂದು ಸಾರಿ ಹೇಳಲಿಕ್ಕೆ ಹುಟ್ಟಿದ್ದೇನೆ.

ನನ್ನನ್ನು ಅಚ್ಚು ಹಾಕಿದ್ದು ಮುಂಬಯಿಯಲ್ಲಿ, ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ. ಸುತ್ತ ಹಸಿರು ಬಳ್ಳಿಯ ಅಂಚು, ನಡುವೆ ನೀರು ಉಗುಳುವ ಪಂಪಿನ ಚಿತ್ರ, ಕೆಳಗೆ ಇಬ್ಬರು ದೊಡ್ಡವರ ರುಜು. ಕೊನೆಗೆ ಕಂಪನಿಯ ಉಬ್ಬು ಮುದ್ರೆ ಒತ್ತಿದರು. ಕಿವಿ ಚುಚ್ಚಿಸಿಕೊಳ್ಳುವ ಕೂಸಿಗೆ ಆಗುವಷ್ಟೇ ನೋವಾಯಿತು. ಆದರೆ ಕಿವಿ ಚುಚ್ಚದೆ ಓಲೆ ಎಲ್ಲಿಂದ ಬರಬೇಕು? ಮುದ್ರೆ ಬಿದ್ದ ಮೇಲೆ ನಾನು ಎದೆ ಉಬ್ಬಿಸಿಕೊಂಡು ರಿಜಿಸ್ಟರ್ ಪೋಸ್ಟಿನಲ್ಲಿ ಹುಬ್ಬಳ್ಳಿಗೆ ಹೊರಟೆ.

ನನ್ನ ಮೊದಲ ಒಡೆಯರು ವಾಮನರಾವ್ ಕಡಕೋಳ. ರೇಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರು, ಒಳ್ಳೆಯವರು, ಆದರೆ ಮಹಾ ಅಂಜುಬುರುಕರು. ಬೆಳಗಾದರೆ ಪತ್ರಿಕೆಯಲ್ಲಿ ನನ್ನ ದರ ಹುಡುಕುವರು. ನಾಕಾಣೆ ಏರಿದ್ದರೆ ಎರಡು ಕಪ್ ಚಹಾ, ನಾಕಾಣೆ ಇಳಿದಿದ್ದರೆ ಹೊಟ್ಟೆನೋವು. ಆರು ವರ್ಷ ಹೀಗೇ ಕಳೆಯಿತು.

ಆಮೇಲೆ ಬಂತು ಒಂದು ಬಜೆಟ್ಟು. ಅದು ಇನ್ನೂ ಓದುವುದಕ್ಕೆ ಮೊದಲೇ ವರ್ಕ್‌ಶಾಪಿನಲ್ಲಿ ಸುದ್ದಿ ಹಬ್ಬಿತು: ಷೇರು ಇಟ್ಟುಕೊಂಡವರಿಗೆಲ್ಲ ಹೊಸ ತೆರಿಗೆಯಂತೆ, ಮನೆ ಮನೆಗೆ ಅಧಿಕಾರಿಗಳು ಬರುತ್ತಾರಂತೆ. ರಾಯರು ನನ್ನನ್ನು ಕೈಚೀಲಕ್ಕೆ ತುರುಕಿಕೊಂಡು ದಲ್ಲಾಳಿಯ ಹತ್ತಿರ ಓಡಿದರು. ಅವನು ಕೊಂಡ ಬೆಲೆಯ ಅರ್ಧ ಹೇಳಿದ. ಅಲ್ಲಿಂದ ಸಪ್ಪೆ ಮೋರೆ ಹಾಕಿಕೊಂಡು, ಸ್ಟೇಷನ್ ಹಿಂದಿನ ಓಣಿಯಲ್ಲಿ ತಾವು ದಿನಾ ಉಣ್ಣುವ ಖಾನಾವಳಿಗೆ ಬಂದು ಕೂತರು.

ಖಾನಾವಳಿ ಫಕೀರವ್ವನದು. ಗಂಡ ತೀರಿಹೋದ ಮೇಲೆ ಒಂದು ಒಲೆ, ಒಂದು ಹಂಚು, ಎರಡು ಬೆಂಚು ಹಾಕಿ ಶುರುಮಾಡಿದ್ದಳು. ಕೈಯಲ್ಲಿ ಅನಸೂಯಾ ಎಂಬ ಪುಟ್ಟ ಮಗಳು. ಆಕೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಜನ ಹಸಿಯುತ್ತಿದ್ದರು.

"ಯಾಕ್ರೀ ರಾಯರ, ಊಟ ಸೇರವಲ್ದು? ಪಲ್ಯಕ್ಕ ಉಪ್ಪು ಕಡಿಮಿ ಆಗೇತೇನು?" ಎಂದಳು.

"ಉಪ್ಪು ಬರೋಬ್ಬರಿ ಅದ. ಟ್ಯಾಕ್ಸ್ ಹೆಚ್ಚಾಗ್ತದಂತ. ಷೇರು ಇಟ್ಟವ್ರ ಮನೀಗೆ ಆಫೀಸರ್ ಬರ್ತಾರಂತ."

"ಬಂದ್ರ ಬರಲಿ. ಊಟದ ಹೊತ್ತಿಗೆ ಬಂದ್ರ ನನ್ನ ಕಡೆ ಕಳಸ್ರಿ."

"ನಿನಗ ನಗಿ. ನಾ ಸರ್ಕಾರಿ ಮನಷ್ಯಾ. ಕೊಂಡ ಬೆಲಿಗೆ ಯಾರರೆ ತೊಗೊಂಡ್ರ ಕೊಟ್ಟು ಕೈ ತೊಳ್ಕೋತೀನಿ."

ಫಕೀರವ್ವ ಹಿಟ್ಟಿನ ಕೈಯಲ್ಲೇ ಬಗ್ಗಿ ನನ್ನನ್ನು ನೋಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಚಿತ್ರ ನೋಡಿದಳು. "ಈ ಕಂಪನ್ಯಾಗ ಏನ್ ಮಾಡತಾರ?"

"ಪಂಪು. ಬಾವ್ಯಾಗಿನ ನೀರು ಎತ್ತೋದು."

"ಯಾವ ಸರ್ಕಾರ ಬಂದ್ರೂ ಜನ ನೀರು ಕುಡಿಯೋದು ಬಿಡೂದಿಲ್ಲಲ್ಲ. ನನಗ ಕೊಡ್ರಿ."

ಚಿನ್ನದ ಬೋರಮಾಳ ಸರ ಮಾಡಿಸಲಿಕ್ಕೆಂದು ಕೂಡಿಟ್ಟ ಹಣದಲ್ಲಿ ಆಕೆ ನನ್ನನ್ನು ಕೊಂಡಳು. ಮರುದಿನ ಪತ್ರಿಕೆ ಬಂತು. ಬಜೆಟ್ಟಿನಲ್ಲಿ ಅಂಥ ತೆರಿಗೆಯೂ ಇರಲಿಲ್ಲ, ಮನೆ ಮನೆಗೆ ಬರುವ ಅಧಿಕಾರಿಯೂ ಇರಲಿಲ್ಲ. ರಾಯರು ನಾಲಿಗೆ ಕಚ್ಚಿಕೊಂಡರು. ಆದರೆ ಸಜ್ಜನರು. ಕೊಟ್ಟ ಮಾತಿನಂತೆ ತಾವೇ ಬ್ಯಾಂಕಿಗೆ ಕರೆದುಕೊಂಡು ಹೋದರು. ವರ್ಗಾವಣೆಯ ಅರ್ಜಿಯನ್ನು ನನಗೆ ಗುಂಡುಪಿನ್ನು ಚುಚ್ಚಿ ಜೋಡಿಸಿದ್ದರು. ಅದರ ಮೇಲೆ ಫಕೀರವ್ವ ಮ್ಯಾನೇಜರರ ಎದುರಿಗೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಎಷ್ಟು ಸ್ಪಷ್ಟ ಗುರುತು ಅಂತೀರಿ! ಗೆರೆ ಗೆರೆ ಎಣಿಸಬಹುದಿತ್ತು. ಅರ್ಜಿ ಕಂಪನಿಯಲ್ಲೇ ಉಳಿಯಿತು, ನಾನು ಅವಳ ಹೆಸರು ಹೊತ್ತು ಮರಳಿದೆ.

ಅಂದಿನಿಂದ ನನ್ನ ವಾಸ ಶಾವಿಗೆ ಡಬ್ಬಿಯಲ್ಲಿ. ಅಟ್ಟದ ಮೇಲಿನ ಆ ತಗಡಿನ ಡಬ್ಬಿಯಿಂದಲೇ ನಾನು ಲೋಕದ ವ್ಯವಹಾರ ಕಲಿತೆ. ಉಣ್ಣಲಿಕ್ಕೆ ಬರುವವರು ಮಾತಾಡುವುದೆಲ್ಲ ಕಿವಿಗೆ ಬೀಳುತ್ತಿತ್ತು. ಕಂಪನಿ ಚೆನ್ನಾಗಿ ನಡೆಯಿತು. ಬೋನಸ್ ಎಂದು ಮೂರು ಸಲ, ಪ್ರತಿ ಸಲ ಇದ್ದಷ್ಟೇ ಪುಕ್ಕಟೆ ಷೇರಿನ ಹೊಸ ಪತ್ರ ಬಂದು, ನನಗೆ ಮೂವರು ತಮ್ಮಂದಿರಾದರು. ನಾವು ನಾಲ್ವರೂ ಸೇರಿದರೆ ಎಂಟು ನೂರು ಷೇರು.

ಆ ಡಬ್ಬಿಯಲ್ಲಿ ನನಗೆ ಇನ್ನೊಂದು ಗುಟ್ಟೂ ಗೊತ್ತಾಯಿತು. ಒಂದು ವರ್ಷ ಊರಲ್ಲಿ ದೊಡ್ಡವರಿಗಾಗಿ ರಾತ್ರಿ ಶಾಲೆ ತೆರೆದರು. ಭಜನೆಗೆ ಹೋಗುತ್ತೇನೆ ಎಂದು ಮಗಳಿಗೆ ಹೇಳಿ ಫಕೀರವ್ವ ಅಲ್ಲಿಗೆ ಹೋಗುತ್ತಿದ್ದಳು. ಪಾಟಿ, ಬಳಪ ಎರಡನ್ನೂ ನನ್ನ ಪಕ್ಕದಲ್ಲೇ ಬಚ್ಚಿಡುತ್ತಿದ್ದಳು. ತನ್ನ ಹೆಸರು ಬರೆಯಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಬರೆದ ದಿನ ಡಬ್ಬಿಯ ಮುಚ್ಚಳ ತೆಗೆದು, ಪಾಟಿಯನ್ನು ನನಗೇ ತೋರಿಸುವಂತೆ ಹಿಡಿದು ಮೆಲ್ಲಗೆ ಅಂದಳು: "ಇನ್ನ ಈ ಹೆಬ್ಬೆಟ್ಟು ರೊಟ್ಟಿಗಷ್ಟ." ನನಗೆ ಆ ಹೊತ್ತು ಬೋನಸ್ ಬಂದಾಗಿನದಕ್ಕಿಂತ ಹೆಚ್ಚಿನ ಸಂಭ್ರಮವಾಯಿತು.

ಅವಳ ತಮ್ಮ ಬಸಲಿಂಗಪ್ಪ ಮಾತ್ರ ಬಂದಾಗಲೆಲ್ಲ ಚುಚ್ಚುವನು. "ಅಕ್ಕಾ, ಕಾಗದ ನಂಬಿ ಕುಂತೀಯಲ್ಲ. ನನ್ನಂಗ ಬ್ಯಾಂಕಿನ್ಯಾಗ ಡಿಪಾಜಿಟ್ ಇಡು. ನಂದು ಈಗ ಎರಡು ಪಟ್ಟು ಆಗೇತಿ."

"ಛಲೋ ಆತು. ನೀ ಇಟ್ಟಾಗ ನನ್ನ ಊಟಕ್ಕ ಎಷ್ಟಿತ್ತೋ?"

"ಐದು ರೂಪಾಯಿ."

"ಈಗ?"

"ಹದಿನೈದು."

"ಅಂದ್ರ ಆವಾಗ ನಿನ್ನ ರೊಕ್ಕದಾಗ ನೂರು ಮಂದಿ ಉಂತಿದ್ರು ಅನ್ನು. ಈಗ ಎರಡು ಪಟ್ಟು ಮಾಡಿಕೊಂಡು ಬಂದ್ರೂ ಮೂವತ್ಮೂರು ಮಂದಿ ಹಸಕೊಂಡ ಹೋಗತಾರ. ಮ್ಯಾಲೆ ಬಡ್ಡಿಗೆ ಟ್ಯಾಕ್ಸ್ ಹಿಡೀತಾರಂತ ನೀನ ಅಳತಿದ್ದಿ."

ಬಸಲಿಂಗಪ್ಪ ಬೆರಳು ಮಡಚಿ ಲೆಕ್ಕ ಹಾಕುತ್ತ ಕೂತುಬಿಟ್ಟ. ಬೆಲೆಯೇರಿಕೆ ಎಂದರೇನು ಎಂದು ನನಗೆ ಅವತ್ತು ತಿಳಿಯಿತು. ಬೆಂಚಿನ ಮೇಲೆ ಕೂತು ಪತ್ರಿಕೆ ಓದುವ ದೊಡ್ಡ ಮನುಷ್ಯರೂ ಅಷ್ಟು ಚೊಕ್ಕಾಗಿ ಹೇಳಿರಲಿಲ್ಲ.

ಕಾಯಿದೆಗಳೂ ಋತುಗಳ ಹಾಗೆ ಬದಲಾಗುತ್ತಿದ್ದವು. ಲಾಭಾಂಶಕ್ಕೆ ನೀವು ತೆರಿಗೆ ಕಟ್ಟಬೇಡಿ, ಕಂಪನಿಯೇ ಕಟ್ಟುತ್ತದೆ ಎಂದು ಒಮ್ಮೆ ಹೇಳಿದರು. ಇಲ್ಲ, ಪಡೆದವರ ಆದಾಯಕ್ಕೇ ಸೇರಿಸಿ ಎಂದು ಆಮೇಲೆ ಹೇಳಿದರು. ಬಹಳ ವರ್ಷ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ತೆರಿಗೆ ಇಲ್ಲ ಎಂದಿದ್ದವರು ಮತ್ತೆ ಇದೆ ಎಂದರು. ಪ್ರತಿ ಸಲವೂ ಬೆಂಚುಗಳ ಮೇಲೆ ಗದ್ದಲ. ಕೆಲವರು ಹೆದರಿ ಮಾರಿದರು, ಕೆಲವರು ಆಸೆಪಟ್ಟು ಕೊಂಡರು. ಫಕೀರವ್ವ ಅನಸೂಯಾಳ ಕೈಯಲ್ಲಿ ಬೇಕಾದ ಫಾರ್ಮು ತುಂಬಿಸಿ, ಮತ್ತೆ ಹಿಟ್ಟು ನಾದಲು ಕೂರುವಳು.

ಆಮೇಲೆ ಬಂತು ನನ್ನ ಜಾತಿಗೇ ಕುತ್ತು ತರುವ ನಿಯಮ. ಕಾಗದದ ಷೇರನ್ನು ಇನ್ನು ಮಾರುವಂತಿಲ್ಲ. ಮೊದಲು ಅದನ್ನು ಕಂಪನಿಗೆ ಒಪ್ಪಿಸಿ ಕಂಪ್ಯೂಟರಿನ ಖಾತೆಗೆ ಏರಿಸಬೇಕು. "ಮಾರೂದ ಇಲ್ಲಂದ್ರ ಏರಿಸಿ ಏನ್ ಮಾಡೂದು" ಎಂದು ಫಕೀರವ್ವ ಸುಮ್ಮನಾದಳು. ನಾನೂ ನೆಮ್ಮದಿಯಿಂದ ಮಲಗಿದೆ.

ನೆಮ್ಮದಿ ಕೆಡಿಸಿದವರು ಕಟ್ಟಡದ ಮಾಲೀಕ ಚನ್ನಮಲ್ಲಪ್ಪ ಸಾವಕಾರರು. ಒಂದು ಶ್ರಾವಣದಲ್ಲಿ ಉಂಡು ಕೈ ತೊಳೆದು ಹೇಳಿದರು: "ಫಕೀರವ್ವ, ಈ ಜಾಗಾ ಮಾರ್ರಿ ಅಂತ ಹುಡುಗ್ರು ಹಟಾ ಹಿಡದಾರ. ಮೊಬೈಲ್ ಅಂಗಡಿಯವ್ರು ರೊಕ್ಕ ಹಿಡಕೊಂಡು ನಿಂತಾರ. ನಿನ್ನ ಅನ್ನ ಉಂಡೀನಿ, ಅದಕ್ಕ ಮೊದಲು ನಿನಗ ಕೇಳ್ತೀನಿ. ದೀಪಾವಳಿ ಪಾಡ್ಯಾದ ತನಕ ತಡೀತೀನಿ. ಸಂಚಕಾರ ಕೊಡು, ಉಳದದ್ದು ಬ್ಯಾಂಕಿನಿಂದ ಬರಲಿ. ಇಲ್ಲಂದ್ರ ಖಾಲಿ ಮಾಡಬೇಕಾಗತೈತಿ ನೋಡು."

ಐವತ್ತು ವರ್ಷದ ಒಲೆ. ಈಗ ಅನಸೂಯಾ ನಡೆಸುತ್ತಿದ್ದಳು, ಆರು ಜನ ಹೆಂಗಸರು ಅಲ್ಲಿ ದುಡಿದು ಉಣ್ಣುತ್ತಿದ್ದರು. ಸಂಚಕಾರದ ಮುಂಗಡಕ್ಕೆ ಮನೆಯಲ್ಲಿ ಇದ್ದದ್ದು ನಾವು ನಾಲ್ವರೇ. ಡಬ್ಬಿ ಕೆಳಗಿಳಿಯಿತು. ನಲವತ್ತು ವರ್ಷ ಸುಮ್ಮನೆ ಮಲಗಿದ್ದವನನ್ನು ಕೊನೆಗೂ ಕೆಲಸಕ್ಕೆ ಕರೆದರು.

ಅನಸೂಯಾ ಬ್ಯಾಂಕಿನಲ್ಲಿ ಅವ್ವನ ಹೆಸರಿಗೆ ಷೇರಿನ ಖಾತೆ ತೆರೆಸಿದಳು. ಅರ್ಜಿಯ ಮೇಲೆ ಫಕೀರವ್ವ ಅಕ್ಷರ ಅಕ್ಷರ ಮುದ್ದಿಸಿ ಸಹಿ ಮಾಡಿದಳು. ನಾವು ಬೆಂಗಳೂರಿನಲ್ಲಿ ಷೇರುದಾರರ ಪಟ್ಟಿ ಇಡುವ ಕಚೇರಿಗೆ ಹೋದೆವು. ಹದಿನೆಂಟು ದಿನಕ್ಕೆ ತಿರುಗಿ ಬಂದೆವು, ಒಂದು ಚೀಟಿಯ ಜೊತೆ. "ಸಹಿ ತಾಳೆಯಾಗುವುದಿಲ್ಲ."

"ಕೈ ನಡುಗಿರಬೇಕು" ಎಂದಳು ಫಕೀರವ್ವ. ಒಂದು ನೋಟುಬುಕ್ಕು ತರಿಸಿ, ರೊಟ್ಟಿಯ ನಡುವೆ ನಡುವೆ ಕೂತು ಪುಟ ಪುಟ ಸಹಿ ಬರೆದು ರೂಢಿ ಮಾಡಿದಳು. ಮತ್ತೆ ಕಳಿಸಿದರು. ಮತ್ತೆ ಅದೇ ಚೀಟಿ. ಆ ಕಚೇರಿಯಲ್ಲಿ ನನಗೆ ಕಂಡದ್ದು ಇಷ್ಟು: ಹಳೆಯ ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುವಾಗ ಹೆಬ್ಬೆಟ್ಟಿನ ಗುರುತು ಕಲಸಿಹೋಗಿ, ಸಹಿಯ ಚೌಕದಲ್ಲಿ ಬರೀ ಒಂದು ಶಾಯಿಯ ಕಲೆಯಾಗಿತ್ತು. ಅದು ಸಹಿಯಲ್ಲ, ಹೆಬ್ಬೆಟ್ಟು ಎಂದು ಕೂಗಿ ಹೇಳಬೇಕು ಅನಿಸಿತು. ಕಾಗದಕ್ಕೆ ಬಾಯಿ ಎಲ್ಲಿ?

ದಸರೆ ದಾಟಿತು. ಎರಡನೆಯ ಚೀಟಿ ಓದಿಸಿ ಕೇಳಿದ ದಿನ ಫಕೀರವ್ವನ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಾಯಿತು. ಅಂಥದ್ದು ನಾನು ಕಂಡಿರಲಿಲ್ಲ.

"ಅನಸೂಯಾ, ಈ ಷೇರು ಕೊಂಡಾಗ ನಾ ಸಹಿ ಮಾಡಿಲ್ಲ. ಹೆಬ್ಬೆಟ್ಟು ಒತ್ತೀನಿ."

ಮಗಳು ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಿದಳು. "ಮೊದಲಿನಿಂದ್ಲೂ ನಿನಗ ಬರಿಯಾಕ ಬರತಿತ್ತು ಅಂದಿದ್ದೀ?"

"ನೀ ಸಾಲಿ ತಪ್ಪಿಸಿ ಒಲಿ ಮುಂದ ಬಂದು ಕುಂದರತಿದ್ದಿ. ಅವ್ವಗ ಬರತೈತಿ, ನೀನೂ ಕಲಿ ಅಂತ ಸುಳ್ಳು ಹೇಳಿದೆ. ಆಮ್ಯಾಲೆ ಆ ಸುಳ್ಳನ್ನ ಖರೆ ಮಾಡಾಕ ನಾನೂ ಕಲಿಬೇಕಾತು."

"ಅಂದ್ರ ಆ ಭಜನಿ?"

"ಯಾ ಭಜನೀನೂ ಇಲ್ಲ, ಏನೂ ಇಲ್ಲ. ಕಾಗುಣಿತ."

ಅನಸೂಯಾ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಾಳೆ ಹೋಗಿ ಹೆಬ್ಬೆಟ್ಟು ಒತ್ತಿ ಬರೂಣು ನಡಿ. ಯಾರ ಏನರೆ ಅನ್ಲಿ."

ಒತ್ತುವುದಿಲ್ಲ ಎಂದು ಪಾಟಿಯ ಮುಂದೆ ಶಪಥ ಮಾಡಿದವಳು ಮರುದಿನ ತಾನಾಗಿ ಬ್ಯಾಂಕಿನ ಶಾಯಿಯ ಮೇಲೆ ಹೆಬ್ಬೆರಳು ಇಟ್ಟಳು. ಒತ್ತಿದಳು. ಕಾಗದದ ಮೇಲೆ ನೀಲಿ ಗುಂಡು ಬಿತ್ತು. ಒಂದು ಗೆರೆಯೂ ಇಲ್ಲ. ಮತ್ತೊಮ್ಮೆ ಒತ್ತಿದಳು. ಮಗದೊಮ್ಮೆ. ಗೆರೆಯಿಲ್ಲ.

ಮ್ಯಾನೇಜರ್ ರೆಹಾನಾ ಮುಲ್ಲಾ ಆಕೆಯ ಬೆರಳು ಹಿಡಿದು ಬೆಳಕಿಗೆ ತಿರುಗಿಸಿದರು. "ಅಜ್ಜಿ, ಗೆರಿ ಎಲ್ಲಾ ಎಲ್ಲಿ ಹೋದ್ವು?"

"ಐವತ್ತು ವರ್ಸ ಹಂಚಿನ ಮ್ಯಾಲೆ ಬಿಟ್ಟೀನ್ರಿ ಮೇಡಂ. ಹುಬ್ಬಳ್ಳಿ ಮಂದಿ ತಿಂದಾರ."

ಸಾಲಿನಲ್ಲಿ ನಿಂತವರು ನಕ್ಕರು. ಅನಸೂಯಾ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿದಳು. ಪಾಡ್ಯಕ್ಕೆ ಹದಿನಾರು ದಿನ ಉಳಿದಿತ್ತು. ಹೆಬ್ಬೆಟ್ಟು ಸವೆದಿದೆ, ಸಹಿ ಪಟ್ಟಿಯಲ್ಲಿಲ್ಲ. ಇವಳೇ ಫಕೀರವ್ವ ಎಂದು ಯಾರು ಹೇಳಬೇಕು?

ರೆಹಾನಾ ಮೇಡಂ ಕಪಾಟಿನಿಂದ ಒಂದು ಫಾರ್ಮು ತೆಗೆದರು. "ಈ ನಿಯಮ ಬಂದಾಗ ನಾವೂ ಬೈದಿದ್ವಿ, ಮತ್ತೊಂದು ಕಾಗದ ಹೆಚ್ಚಾತು ಅಂತ. ಹಳೇ ಸಹಿ ಕೂಡದಿದ್ರ ಹೊಸಾ ಸಹಿ ದಾಖಲ ಮಾಡಬಹುದು. ಈಕಿ ನಮ್ಮ ಖಾತೇದಾರಳು, ನಮ್ಮ ಮುಂದ ಸಹಿ ಮಾಡ್ಯಾಳ ಅಂತ ಬ್ಯಾಂಕು ಬರದು ಕೊಡಬೇಕು. ಅಜ್ಜಿ, ನಿಮಗ ಸಹಿ ಮಾಡಾಕ ಬರತೈತಿ?"

ಬರುತ್ತದೆಯೇ ಎಂದು ಕೇಳುತ್ತಾರಲ್ಲ! ಫಕೀರವ್ವ ಶಾಯಿಯ ಬೆರಳನ್ನು ಸೆರಗಿಗೆ ಒರೆಸಿ ಪೆನ್ನು ತೆಗೆದುಕೊಂಡಳು. ಕೌಂಟರು ಎತ್ತರ, ಅವಳು ಗಿಡ್ಡಿ. ಹಿಂದೆ ನಿಂತಿದ್ದ ಹಮಾಲನೊಬ್ಬ ಸ್ಟೂಲು ಎಳೆದು ಕೊಟ್ಟ. 'ಫ'ದ ಹೊಟ್ಟೆಯ ಗೀಟು ಮರೆಯದೆ, 'ವ್ವ'ದ ಒತ್ತು ಜೋತಾಡದ ಹಾಗೆ, ಇಡೀ ಹೆಸರು ಬರೆದಳು. ಮೇಡಂ ಅದರ ಪಕ್ಕ ತಮ್ಮ ಸಹಿ ಹಾಕಿ ಮುದ್ರೆ ಒತ್ತಿದರು.

ನಾವು ಮೂರನೆಯ ಸಲ ಬೆಂಗಳೂರಿಗೆ ಹೊರಟೆವು. ಈ ಸಲ ನಳಿನಾಕ್ಷಿ ಎಂಬ ಅಧಿಕಾರಿಣಿ ಎಲ್ಲವನ್ನೂ ಒಂದೊಂದಾಗಿ ನೋಡಿ, ತಲೆಯಾಡಿಸಿ, ನನ್ನ ಮೈಮೇಲೆ ಅಡ್ಡಲಾಗಿ ಕೆಂಪು ಮುದ್ರೆ ಒತ್ತಿದರು. ರದ್ದು. ಎರಡು ತೂತೂ ಬಿದ್ದವು. ನನ್ನ ನೂರು ಪಾಲು ನನ್ನನ್ನು ಬಿಟ್ಟು ಕಂಪ್ಯೂಟರಿಗೆ ಏರಿದವು. ಪಾಡ್ಯದ ಹಿಂದಿನ ದಿನ ಅವರೇ ಫೋನು ಹಚ್ಚಿದರು.

"ಅಜ್ಜಿ, ಎಂಟು ನೂರು ಷೇರೂ ನಿಮ್ಮ ಖಾತೆಗೆ ಬಂದಿದೆ. ಇನ್ನು ನೀವು ಮಾರಬಹುದು."

ಆ ಕಡೆ ರೊಟ್ಟಿಯ ಸಪ್ಪಳ ನಿಂತಿತು. "ಟ್ಯಾಕ್ಸ್ ಎಷ್ಟು ಹೋಗತೈತಿ ತಾಯಿ?"

"ಲಾಭದಲ್ಲಿ ಒಂದಿಷ್ಟು ಹೋಗುತ್ತೆ. ಲೆಕ್ಕದೋರಿಗೆ ತೋರಿಸಿ, ಹಳೇ ಕಾಲದ ಷೇರಿಗೆ ಒಂಚೂರು ರಿಯಾಯಿತಿ ಇದೆ."

"ಹೋಗಲಿ ಬಿಡು. ರೊಟ್ಟಿ ಬಡಿದ ಮ್ಯಾಲೆ ಪರಾತಕ್ಕ ಒಂಚೂರು ಹಿಟ್ಟು ಹತ್ತತೈತಿ. ಅದನ್ನ ನೋಡಿಕೋತ ಕುಂತ್ರ ಹೊಟ್ಟಿ ತುಂಬೂದಿಲ್ಲ." ಬಾಯಿ ಆಚೆ ತಿರುಗಿಸಿ ಏರುದನಿಯಲ್ಲಿ ಕರೆದಳು: "ಸಾವಕಾರ್ರ, ಕೇಳಸ್ತೇನ್ರಿ? ಷೇರು ಬಂದ್ವು. ಮಾರಿದ ರೊಕ್ಕ ಬಂದ ಕೂಡಲೆ ಸಂಚಕಾರ ತೊಗೊಳ್ರಿ."

"ಬರೋಬ್ಬರಿ" ಎಂಬ ಗಡಸು ದನಿ ದೂರದಿಂದ ಕೇಳಿತು. "ಕರಾರು ಮಗಳ ಹೆಸರಲೆ ಬರಸಲೋ, ನಿನ್ನ ಹೆಸರಲೆ ಬರಸಲೋ?"

"ಇಬ್ಬರ ಹೆಸರೂ ಹಾಕ್ರಿ. ಸಹಿ ಮೊದಲು ನಾ ಮಾಡತೀನಿ."

ಈಗ ನಾನು ಈ ಕಚೇರಿಯ ಕಪಾಟಿನಲ್ಲಿ ದಾರ ಕಟ್ಟಿದ ಕಂತೆಯಲ್ಲಿದ್ದೇನೆ. ಸ್ವಲ್ಪ ದಿನಕ್ಕೆ ನಮ್ಮನ್ನೆಲ್ಲ ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರಂತೆ. ಪಕ್ಕದ ಮುದಿ ಪತ್ರಗಳು ನಿಯಮಗಳನ್ನು ಶಪಿಸುತ್ತ ಮಲಗಿವೆ. ನಾನು ಶಪಿಸಲಾರೆ. ಒಂದು ವದಂತಿ ನನ್ನನ್ನು ರಾಯರಿಂದ ಕಿತ್ತು ಫಕೀರವ್ವನಿಗೆ ಕೊಟ್ಟಿತು. ಒಂದು ನಿಯಮ ನನಗೆ ಬೀಗ ಹಾಕಿತು, ಇನ್ನೊಂದು ಬಂದು ತೆಗೆಯಿತು. ಹುಬ್ಬಳ್ಳಿಯಲ್ಲಿ ಇಂದು ಒಂದು ಕರಾರು ಪತ್ರ ಹುಟ್ಟುತ್ತಿರಬೇಕು, ನನಗಿಂತ ಚಿಕ್ಕದು, ನನಗಿಂತ ಗಟ್ಟಿ. ಅದರ ಮೇಲೆ ಮೊದಲ ಸಹಿ ಯಾರದೆಂದು ಈ ಕಪಾಟಿನಲ್ಲಿ ನನಗೊಬ್ಬನಿಗೇ ಗೊತ್ತು.