ಯುದ್ಧದ ಕಾಲದ ಹೊಳೆ

ನಮ್ಮ ಚಿಕ್ಕಪ್ಪನ ಮಗ ಬಸವಕುಮಾರನಂಥ ಕಟುಕ ದಬ್ಬೇಘಟ್ಟದ ಸುತ್ತ ಹುಡುಕಿದ್ರೂ ಸಿಗಾಕಿಲ್ಲ. ನಗ್ತಾ ನಗ್ತಾ ಕುತ್ತಿಗೆ ಕುಯ್ಯೋನು.

ನಮ್ಮಪ್ಪ ಮರುಳಸಿದ್ದಯ್ಯ ಹಾಸಿಗೆ ಹಿಡಿದಿದ್ರು. ಡಾಕ್ಟ್ರು ಕೈಚೆಲ್ಲಿದ್ರು. ಅಪ್ಪನಿಗೆ ಇದ್ದದ್ದು ಒಂದೇ ಆಸೆ, ಅವ್ವನ ಪಕ್ಕದಲ್ಲಿ ಮಣ್ಣಾಗ್ಬೇಕು. ನಮ್ಮೋರಲ್ಲಿ ಸತ್ತೋರನ್ನ ಸ್ವಂತ ತೋಟದಲ್ಲೇ ಹೂಳೋದು. ಅವ್ವನ ಗದ್ದುಗೆ ಇದ್ದದ್ದು ತೆಂಗಿನ ತೋಟದ ಕೊನೆಯ ದಿಣ್ಣೆ ಮೇಲೆ, ಹೊಳೆಯಿಂದ ಈಚೆಗೆ. ಆಮೇಲೊಂದು ವರ್ಷ ಮಳೆ ಹುಚ್ಚೆದ್ದು ಹೊಳೆ ದಾರಿ ಬದಲಿಸ್ತು, ದಿಣ್ಣೆ ಆಚೆ ದಡದ ಪಾಲಾಯ್ತು. ಆಚೆ ದಡ ಬಸವಕುಮಾರಂದು. ಹೊಳೇನೇ ಎಲ್ಲೆ ಅನ್ನೋದು ತಾತನ ಕಾಲದ ಮಾತು. ಹೊಳೆ ಯಾವತ್ತೂ ಇಲ್ಲೇ ಹರೀತಿತ್ತು, ನಿಮ್ಮವ್ವನಿಗೆ ನಮ್ಮಪ್ಪ ಜಾಗ ಭಿಕ್ಷೆ ಕೊಟ್ಟಿದ್ದು ಅಂತ ಅವನು ಸಾಧಿಸ್ದ. ಆಳೆತ್ತರಕ್ಕೆ ತಗಡು ಹೊಡ್ದು ನಮ್ಮನ್ನ ಒಳಕ್ಕೇ ಬುಡ್ಲಿಲ್ಲ. ಕಣ್ಣಾರೆ ಕಂಡಿದ್ದ ಊರೋರು ಅವನ ಟ್ರ್ಯಾಕ್ಟರ್ ಹಂಗಿಗೆ ಬಾಯಿಗೆ ಬೀಗ ಹಾಕ್ಕೊಂಡ್ರು. ಥೂ, ಅವರ ಮುಖಕ್ಕಿಷ್ಟು.

ಕೊನೆಗೆ ನನ್ನ ಮಗಳು ಇಂಪನಾ ಕಂಪ್ಯೂಟರಲ್ಲಿ ಜಾಲಾಡಿ, ಎರಡನೇ ಮಹಾಯುದ್ಧದಲ್ಲಿ ಮಿಲಿಟ್ರಿಗೆ ಅಂತ ಅಚ್ಚು ಹಾಕಿದ್ದ ನಕ್ಷೆ ಹುಡುಕಿದ್ಲು. ತಿಪಟೂರಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ತಂದ್ಲು. ಗಾಡಿದಾರಿ, ಬಾವಿ, ತೆಂಗಿನ ಗುರುತು, ಸೈನ್ಯ ಹೊಳೆ ದಾಟೋ ಜಾಗ, ಎಲ್ಲಾ ಐತೆ. ನಮ್ಮ ಹೊಳೆಗೆ ಯಾವ ಸೈನ್ಯ ಬರ್ತಿತ್ತೋ ಶಿವನೇ ಬಲ್ಲ. ಹೊಳೆಯ ನೀಲಿ ಗೆರೆ ಮಾತ್ರ ದಿಣ್ಣೆಯಿಂದ ಆಚೆಗಿತ್ತು.

ಅಪ್ಪನ ಮಂಚಾನ ಜಗಲಿಗೆ ತಂದು ಊರ ಯಜಮಾನ್ರನ್ನ ಕೂರ್ಸಿದೆ. ಸೀರೆ ಸೆರಗು ಸಿಕ್ಕಿಸ್ಕೊಂಡು ಜಗಳಕ್ಕೇ ನಿಂತಿದ್ದೆ ನಾನು. ಬಸವಕುಮಾರ ನಕ್ಷೆ ಮೇಲೆ ಬೆರಳಾಡ್ಸಿ, ಸರಿ, ಜಾಗ ನಿಮ್ದೇ ಅಂದ್ಬಿಟ್ಟ. ಅಪ್ಪ ಕಣ್ಣಲ್ಲಿ ನೀರಿಟ್ಕೊಂಡು ಅವನ ತಲೆ ಮೇಲೆ ಕೈಯಿಟ್ರು. ಮುಂಡೇದು ನಾನೂ ಕರಗಿ ಕಾಫಿ ತಂದ್ಕೊಟ್ಟೆ.

ಪೂರ್ತಿ ಕುಡಿದು, ಅಪ್ಪನ ಕಡೆ ಬಗ್ಗಿದ.

"ಜಾಗ ತಗಳಿ ದೊಡ್ಡಪ್ಪ. ದೊಡ್ಡವ್ವ ಮಾತ್ರ ಅಲ್ಲಿಲ್ಲ. ಹೋದ ಬೇಸ್ಗೇಲಿ ಜೆಸಿಬಿ ಬುಟ್ಟು ದಿಣ್ಣೆ ಮಟ್ಟ ಮಾಡಿಸ್ದೆ. ಮಣ್ಣೆಲ್ಲ ಇಟ್ಟಿಗೆ ಗೂಡಿಗೆ ಹೋಯ್ತು."

ನಾನು ಪೊರಕೆಗೆ ಕೈ ಹಾಕ್ದೆ. ಅಪ್ಪ ನನ್ನ ಸೆರಗು ಹಿಡಿದು ತಡೆದ್ರು.

"ಸುಟ್ಬುಟ್ಯೇನಪ್ಪ ಅವಳ್ನ?"

"ಹಸಿ ಇಟ್ಟಿಗೆ ಯಾರು ಕೊಳ್ತಾರೆ ದೊಡ್ಡಪ್ಪ," ಅಂದು ಅವನು ಚಪ್ಪಲಿ ಮೆಟ್ಟಿದ.