ಒಂದೇ ಮರದ ಹಣ್ಣು, ಎರಡು ಪಥ್ಯ

ಇಸ್ಫರಾ ಪಟ್ಟಣದ ಆಚೆಯ ಕಣಿವೆಯಲ್ಲಿ ಜರ್ದಾಳು ಹಣ್ಣು ಒಣಗಿಸದ ಮಾಳಿಗೆಯೇ ಇಲ್ಲ. ಅಲ್ಲಿ ನಲವತ್ತು ವರ್ಷ ಜರ್ದಾಳು ತೋಟ ಕಾದ ತೋಜಿಬೋಯಿಗೆ ಡಾಕ್ಟರ್ ಸನವ್ಬರ್, "ಇನ್ನು ಜರ್ದಾಳು ಮುಟ್ಟಲೇಬೇಡಿ" ಎಂದರು. ಕಿಡ್ನಿ ಸೋತಿದೆ, ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ, ಮಿತಿಮೀರಿದರೆ ಹೃದಯವೇ ನಿಂತೀತು. ಒಣದ್ರಾಕ್ಷಿ, ಟೊಮೆಟೊ ಕೂಡದು. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಡಬೇಕು.

ಇಷ್ಟೇ ಆಗಿದ್ದರೆ ಅವನ ಹೆಂಡತಿ ಹೈರಿನಿಸೋ ಹೇಗೋ ನಿಭಾಯಿಸುತ್ತಿದ್ದಳು. ಆದರೆ ಅದೇ ಡಾಕ್ಟರ್ ಅವಳ ಚೀಟಿ ನೋಡಿ, "ನಿಮ್ಮ ಬಿಪಿ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಮ್ಮನ್ನೂ ಹೊರಗೆ ಹಾಕ್ತಿದೆ ಚಿಕ್ಕಮ್ಮಾ. ಕಾಲು ಸೆಟೆದುಕೊಳ್ಳೋದು ಅದಕ್ಕೇ. ದಿನಾ ಒಂದು ಹಿಡಿ ಜರ್ದಾಳು ತಿನ್ನಿ" ಎಂದರು.

ಹೈರಿನಿಸೋ ಕಣ್ಣು ಕಣ್ಣು ಬಿಟ್ಟಳು. "ಅವರಿಗೆ ವಿಷ, ನಂಗೆ ಮದ್ದಾ? ಒಂದೇ ಮರದ ಹಣ್ಣು ಕಣಮ್ಮಾ!"

"ಮರ ಒಂದೇ. ಮೈ ಎರಡಲ್ವಾ?"

ಮದುವೆಯಾದಂದಿನಿಂದ ಒಂದೇ ಬಟ್ಟಲಲ್ಲಿ ಉಂಡವರ ಮನೆಯಲ್ಲಿ ಎರಡು ಪಾತ್ರೆ ಒಲೆಯೇರಿದವು. "ನಂಗೆ ಬರೀ ಹಿಂಡಿದ ಸಿಪ್ಪೆ, ನಿಂಗೆ ಹಣ್ಣು. ಒಳ್ಳೇ ಡಾಕ್ಟರನ್ನೇ ಹಿಡಿದಿದ್ದೀಯ!" ಎಂದು ಗಂಡ ಕುಟುಕಿದ. ಅವನ ಕಣ್ಣಿಗೆ ಬೀಳಬಾರದೆಂದು ಅವಳು ಬಾಗಿಲ ಹಿಂದೆ ನಿಂತು, ಕದ್ದವಳ ಹಾಗೆ ಜರ್ದಾಳು ನುಂಗುತ್ತಿದ್ದಳು.

ತಿಂಗಳ ಬಳಿಕ ಗಂಡನ ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ ಇಳಿಯುವ ಬದಲು ಏರಿತ್ತು. ತೋಜಿಬೋಯಿಯ ಕೈಕಾಲಿನಲ್ಲಿ ತ್ರಾಣವೇ ಇರಲಿಲ್ಲ. ಡಾಕ್ಟರ್ ಅವನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಮದ್ದು ಶುರು ಮಾಡಿದರು. ಹೈರಿನಿಸೋಗೆ ಏನೂ ತೋಚಲಿಲ್ಲ. ಇಷ್ಟು ಬೇಯಿಸಿ ಚೆಲ್ಲಿದ್ದೆಲ್ಲ ಎಲ್ಲಿ ಹೋಯಿತು?

ಹಾಸಿಗೆಯ ಪಕ್ಕ ಕೂತು, ಎಂದಿನಂತೆ ಮಗಳ ಹೆಸರು ಹಿಡಿದು ಗಂಡನನ್ನು ಕರೆದು ಮೆಲ್ಲಗೆ ಕೇಳಿದಳು. "ಪರ್ವೋನಾಳ ಅಪ್ಪಾ, ನಿಜ ಹೇಳಿ. ಮಾಳಿಗೆ ಹತ್ತಿದ್ರಾ?"

"ಹೊಸಿಲು ದಾಟೋಕೇ ಆಗ್ತಿಲ್ಲ, ಇನ್ನು ಮಾಳಿಗೆ!"

"ಹಾಗಾದ್ರೆ ಪಕ್ಕದ ಮನೆಯವರು ತಂದುಕೊಟ್ಟಿದ್ದಾರೆ."

ಅವನು ತಟ್ಟೆಯ ರೊಟ್ಟಿಯ ಮೇಲೆ ಕೈಯಿಟ್ಟ. "ಈ ರೊಟ್ಟಿಯಾಣೆ, ಒಂದು ಚೂರೂ ತಿಂದಿಲ್ಲ."

ರೊಟ್ಟಿ ಮುಟ್ಟಿ ಸುಳ್ಳಾಡುವವನಲ್ಲ ಅವನು. ಹೈರಿನಿಸೋಳ ತಲೆ ಇನ್ನಷ್ಟು ಕೆಟ್ಟಿತು. ಕಾಲುವೆಯ ನೀರೋ, ಹಸಿರು ಚಹಾವೋ, ಪಾತ್ರೆಯ ತುಕ್ಕೋ, ಯಾವುದನ್ನು ಶಂಕಿಸುವುದು?

"ಅಡುಗೆಮನೇಲಿ ಇರೋದನ್ನೆಲ್ಲ ತನ್ನಿ" ಎಂದರು ಡಾಕ್ಟರ್. ಮರುದಿನ ಅವಳು ಅಕ್ಕಿ, ಹಿಟ್ಟು, ಎಣ್ಣೆ, ಚಹಾ ಎಲ್ಲವನ್ನೂ ಚೀಲದಲ್ಲಿ ಹೊತ್ತು ಬಂದಳು. ಡಾಕ್ಟರ್ ಒಂದೊಂದಾಗಿ ನೋಡುತ್ತ ಉಪ್ಪಿನ ಪೊಟ್ಟಣ ಹಿಡಿದು ನಿಂತುಬಿಟ್ಟರು.

"ಇದೆಲ್ಲಿ ಸಿಕ್ತು?"

"ಮಗಳು ಖುಜಂದದಿಂದ ಅಪ್ಪಂಗೆ ಅಂತ ಕಳಿಸಿದ್ದು. ಬಿಪಿಗೆ ಒಳ್ಳೇದಂತೆ. ಇವರ ಅಡುಗೆ ಸಪ್ಪೆ ಅಂತ ನಾನೇ ಒಂದು ಚಿಟಿಕೆ ಜಾಸ್ತಿ ಹಾಕ್ತಿದ್ದೆ."

"ಇದರಲ್ಲಿ ಅರ್ಧಕ್ಕರ್ಧ ಪೊಟ್ಯಾಸಿಯಂ ಉಪ್ಪೇ ಇದೆ ಚಿಕ್ಕಮ್ಮಾ."

ಹೈರಿನಿಸೋ ತನ್ನ ಕೈಯಾರೆ ತಾನೇ ಉಣಿಸಿದ್ದಳು. ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡು, "ಹಾಗಾದ್ರೆ ಇದು ನಂಗೆ ಒಳ್ಳೇದಾ?" ಎಂದಳು.

"ರಕ್ತ ನೋಡದೆ ಹೇಳಲ್ಲ. ಸದ್ಯಕ್ಕೆ ಇಬ್ಬರಿಗೂ ಬೇಡ. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ."

ಮೂರನೆಯ ದಿನ ತೋಜಿಬೋಯಿ ನಡೆದೇ ಬಸ್ಸು ಹತ್ತಿದ. ದಾರಿಯಲ್ಲಿ ಅವಳು ಅವನ ಕಡೆ ತಿರುಗಿ, "ನಿಮ್ಮನ್ನ ಕಳ್ಳ ಅಂದ್ಕೊಂಡೆ" ಎಂದಳು.

"ಬಿಡು. ಮಗಳಿಗೆ ಮಾತ್ರ ಹೇಳ್ಬೇಡ. ಪ್ರೀತಿಯಿಂದ ಕಳಿಸಿದ್ದು."

ಹೇಳಿದರೆ ಮಗಳು ನೊಂದುಕೊಳ್ಳುತ್ತಾಳೆ; ಹೇಳದಿದ್ದರೆ ಇನ್ನೊಂದು ಪೊಟ್ಟಣ ಬರುತ್ತದೆ. ಎರಡು ದಿನ ಒದ್ದಾಡಿ ಹೈರಿನಿಸೋ ಫೋನ್ ಮಾಡಿ ಹೇಳಿಯೇಬಿಟ್ಟಳು. ಪರ್ವೋನಾ ಬಿಕ್ಕಿಬಿಕ್ಕಿ ಅತ್ತಳು. "ಹಾಗಾದ್ರೆ ಅಪ್ಪಂಗೆ ಇನ್ನೇನು ಕಳಿಸ್ಲಿ ಅಮ್ಮಾ?"

"ನಂಗೂ ಗೊತ್ತಿಲ್ಲ ಮಗಳೇ," ಎಂದಳು ಹೈರಿನಿಸೋ. "ಮೊದಲು ಡಾಕ್ಟರನ್ನ ಕೇಳ್ತೀನಿ, ಇರು."