ತೇಲಿದ ಬೀಜ

ಹುಲ್ಲೋ ಅಲ್ಲವೋ — ಕಳೆ ಕೀಳುವ ಕುರ್ಪಿಯ ಮೊನೆ ಬುಡಕ್ಕೆ ತಾಗಿ ನಿಂತುಬಿಟ್ಟಿದೆ, ಇಷ್ಟು ಕಡುಹಸಿರು ಹುಲ್ಲಿಗೆ ಎಲ್ಲಿಂದ ಬಂತು, ಬಚ್ಚಲ ಗಟಾರದ ಹುಲ್ಲು ಹಸಿರಿರದೆ ಇನ್ನೇನು, ಕಿತ್ತು ಬಿಸಾಕು ಮಾಳವ್ವಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಅಕ್ಕಾರು ಚಹಾ ಕುಡಿದು ಬರುವುದರೊಳಗೆ ಈ ದಂಡೆ ಮುಗಿಯಬೇಕು — ಕೈ ಮಾತ್ರ ಏಳುತ್ತಿಲ್ಲ, ನಾಲ್ಕು ತಿಂಗಳಿಂದ ಈ ಕೈಯನ್ನು ನಾನೇ ನಂಬುವುದಿಲ್ಲ. ಆವತ್ತು ಮನೆ ಮುಂದಿನ ಬೈನಿ ತಾಳೆಯ ಹಣ್ಣಿನ ರಸ ತಾಗಿ ಸಸಿ ಮಾರುವ ಶಮಶಾದಬಿ ಅಕ್ಕಾರ ಅಂಗೈ ಉರಿಯುತ್ತಿತ್ತು, ಕೊಬ್ಬರಿ ಎಣ್ಣೆ ಸವರಿಕೊಂಡು ಕೂತಿದ್ದರು, ಅದಕ್ಕೇ ಬೀಜದ ಬುಟ್ಟಿ ನನಗೆ ಕೊಟ್ಟು ಬಿತ್ತು ಅಂದರು, ನಾನೋ ಡೋಣಿ ಊರಿನ ಒಕ್ಕಲು ಮನೆಯ ಹೆಣ್ಣು, ಬಿತ್ತುವ ಜೋಳವನ್ನು ನಮ್ಮಪ್ಪ ಉಪ್ಪುನೀರಿಗೆ ಹಾಕಿದ್ದನ್ನು ಕಂಡವಳು, ತೇಲಿದ್ದು ಜೊಳ್ಳು, ಮುಳುಗಿದ್ದು ಕಾಳು, ನನ್ನ ವಿದ್ಯೆ ಅಷ್ಟೇ. ಹನ್ನೊಂದು ಮುಳುಗಿದವು, ಅವನ್ನು ಬಿತ್ತಿದೆ, ತೇಲಿದ್ದನ್ನೆಲ್ಲ ಇದೇ ದಂಡೆಗೆ ಚೆಲ್ಲಿದೆ — ಸಿಪ್ಪೆ ಅಂಟಿಕೊಂಡಿದ್ದರೆ ಗಟ್ಟಿ ಬೀಜವೂ ತೇಲುತ್ತದೆ ಎಂದು ತಿಳಿದದ್ದು ಆಮೇಲೆ, ಆ ಹನ್ನೊಂದೂ ಕೊಳೆತ ಮೇಲೆ. ಹೇಳಲಿಲ್ಲ. ಯಾವ ಬಾಯಿಂದ ಹೇಳಲಿ, ಆ ಬೀಜ ಅಕ್ಕಾರ ಗಂಡ ಗೌಸಸಾಬರು ಮದುವೆಯಾದ ವರ್ಷ ನೆಟ್ಟ ಮರದ್ದು, ಅವರು ಹೋಗಿ ಮೂರು ವರ್ಷ, ಮರವೂ ನೆತ್ತಿಯಿಂದ ಒಂದೊಂದೇ ಗೊನೆ ಬಿಡುತ್ತ ಕೆಳಗಿಳಿದು ಕೊನೆಯ ಗೊನೆ, ಈ ಬೀಜದ ಗೊನೆ, ಹಣ್ಣಾಗಿಸಿ ಒಣಗಿತು, ಬೈನಿಯ ಆಯುಷ್ಯವೇ ಹಾಗಂತೆ. ಮೊದಲಿನ ಗೊನೆಗಳ ಸಸಿಯೆಲ್ಲ ಮಾರಿದ್ದರು, ಮರ ಮನಿ ಮುಂದನ ಐತಲ್ಲ ಎಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಅಂಥವರಿಗೆ ನಾನು ಹೀಗೆ ಮಾಡಿದೆ. ಗದಗ ಜಿಲ್ಲೆಯಾದ ಮೇಲೆ ಕಂಡಕಂಡವರಿಗೆಲ್ಲ ಬಾಗಿಲ ಮುಂದೆ ಪಾಮ್ ಬೇಕು, ಗುತ್ತಿಗೆದಾರ ನೀಲಪ್ಪ ಒಂದು ಚೀಲ ಬೀಜ ತಂದು ರಾಯಲ್ ಪಾಮ್ ಅಂದ ದಿನ ಅಕ್ಕಾರು ಕಣ್ಣೆತ್ತಲೂ ಇಲ್ಲ, ಒಂದನ್ನು ಬೆರಳಲ್ಲಿ ಹೊರಳಿಸಿ, ಹೊಟ್ಟಿ ಮ್ಯಾಲ ಗೆರಿ ಐತಿ, ಇದು ಈಚಲರೀ ಅಂದರು, ಅವನ ಮುಖ ನೋಡಬೇಕಿತ್ತು. ಎಲೆ ಬಿಟ್ಟ ಮೇಲೆ ಜಾತಿ ಹೇಳುವವರು ಬೆಟಗೇರಿಯಲ್ಲಿ ಬೇಕಾದಷ್ಟು ಮಂದಿ, ಬೀಜ ಮುಟ್ಟಿ ಹೇಳುವವರು ಇವರೊಬ್ಬರೇ, ಆ ಬೆರಳಿಗೆ ನಾನು ಕೈ ಮುಗಿಯುತ್ತೇನೆ. ಹುಲ್ಲಿಗೆ ತುದಿ ಒಂದ, ಬೈನಿ ಸಸಿ ಎಲಿಗೆ ತುದಿ ಎರಡ, ಮರೀಬ್ಯಾಡ — ನನಗೆ ಕಲಿಸಿದ್ದು ಅವರೇ. ದಿನಾ ಕೇಳುತ್ತಾರೆ, ಬೈನಿ ಬಂತೇನ ಮಾಳವ್ವಾ, ಇಲ್ಲರಿ ಅಕ್ಕಾರ, ಬರ್ತತಿ ಬಿಡು, ಅದಕ ಅವಸರ ಇಲ್ಲ. ನಾನು ಹೋಗಿ ಆ ಕೊಳೆತ ಹನ್ನೊಂದಕ್ಕೇ ಮತ್ತೆ ನೀರು ಹಾಕುತ್ತೇನೆ. ತೇಲಿದ್ದನ್ನು ನಾನು ಚೆಲ್ಲಿದ ವಾರದಿಂದಲೇ ಅಲ್ಲವೇ ಅವರು ಈ ಗಟಾರಕ್ಕೆ ಸಾಬೂನ ನೀರ ಬಿಡಬ್ಯಾಡ, ಅಕ್ಕಿ ತೊಳದ ನೀರಷ್ಟ ಹಾಕು ಅನ್ನತೊಡಗಿದ್ದು, ವಯಸ್ಸಾಯಿತು, ಏನೋ ಒಂದು ಹಟ ಅಂದುಕೊಂಡೆ — ಇವತ್ತು ಮುಂಜಾನೆ, ಗಟಾರದ ದಂಡಿ ಕಸ ತಗಿ, ಕಣ್ಣ ಬಿಟ್ಟ ತಗಿ ಅಂದರು — ಕಣ್ಣು ಬಿಟ್ಟು — ಗೊತ್ತಿತ್ತು, ಅವರಿಗೆ ಮೊದಲ ದಿನದಿಂದ ಗೊತ್ತಿತ್ತು, ನಾಲ್ಕು ತಿಂಗಳು ಒಂದು ಮಾತು ಬೈಯಲಿಲ್ಲ.

ಹಿಂದೆ ಚಪ್ಪಲಿಯ ಸದ್ದು, ನಿಂತಿತು, ಬೈನಿ ಬಂತೇನ ಮಾಳವ್ವಾ. ಅಕ್ಕಾರ, ತೇಲಿದ್ದನ್ನ ನಾ ಇಲ್ಲಿ ಚೆಲ್ಲಿದ್ನಿರಿ. ಅದಿರ್ಲಿ, ತುದಿ ಎಷ್ಟದಾವ ಹೇಳು. ಕುರ್ಪಿ ಕೆಳಗಿಡುತ್ತೇನೆ, ಬೆರಳಿಂದ ಎಲೆಯನ್ನು ಮೆಲ್ಲಗೆ ಬಿಡಿಸುತ್ತೇನೆ, ಮೀನಿನ ಬಾಲದ ಹಾಗೆ ಸೀಳಿದೆ, ಈ ಕಡೆ ಒಂದು, ಆ ಕಡೆ ಒಂದು — ಎರಡ ಅಕ್ಕಾರ, ಎರಡ — ಎರಡು ತುದಿ —